ಪುಸ್ತಕದ ಬದನೆಕಾಯಿ, ಬೀಳಗಿಯ ಬದನೆಕಾಯಿ

ವಿಜ್ಞಾನ ಕಲಿಸುವ ಮಾಸ್ತರನಿಗೆ ಜನ ಕೊಡುವ ಬಿರುದುಗಳಲ್ಲಿ ‘ಪುಸ್ತಕದ ಬದನೆಕಾಯಿ’ ಎಂಬುದು ತೀರ ಅಗ್ಗವಾದದ್ದು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ನೌಕರಿಗೆ ಸೇರಿದ ಮೂರು ದಶಕಗಳಲ್ಲಿ ನನಗೂ ಅದು ಹಲವು ಸಲ ಸಂದಿದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಅಭಿಸರಣ ಕ್ರಿಯೆಯನ್ನು ಫಲಕದ ಮೇಲೆ ಚಿತ್ರ ಬರೆದು ಕಲಿಸುತ್ತೇನೆ. ಮನೆಯಲ್ಲಿ ಉಪ್ಪು ಸವರಿಟ್ಟ ಮಾವಿನ ಹೋಳು ನೀರು ಬಿಟ್ಟಾಗ ‘ಇದ್ಯಾಕ್ರೀ ಹಿಂಗಾತು?’ ಎಂದು ಹೆಂಡತಿ ಕೇಳಿದರೆ, ಅದೇ ಅಭಿಸರಣ ಎಂಬುದು ನನಗೆ ಮರುದಿನ ಶಾಲೆಯ ದಾರಿಯಲ್ಲಿ ಹೊಳೆಯುತ್ತದೆ. ಕಳೆದ ಎಳ್ಳ ಅಮಾವಾಸ್ಯೆಗೆ ಬೀಳಗಿಗೆ ಹೋಗಿ ಕಾಕಿಯ ಮನೆಯಲ್ಲಿ ಮೂರು ದಿನ ಉಳಿದಿದ್ದೆ. ಮೂರೂ ದಿನ ನಿಜವಾದ ಬದನೆಕಾಯಿ ತಿಂದೆ. ಆ ಬಿರುದಿಗೆ ನಾನೆಷ್ಟು ಯೋಗ್ಯ ಎಂಬುದೂ ಅಲ್ಲಿಯೇ ತಿಳಿಯಿತು.

ಹುಬ್ಬಳ್ಳಿಯಲ್ಲಿ ವಿಜಯಪುರದ ಬಸ್ಸು ಹತ್ತಿ ಕುಳಿತರೆ ನವಲಗುಂದ, ನರಗುಂದ, ಕೆರೂರು ದಾಟಿ ಗದ್ದನಕೇರಿ ಕ್ರಾಸು ಬರುತ್ತದೆ. ಬಾಗಲಕೋಟೆಗೆ ಹೋಗುವವರು ಅಲ್ಲಿ ಇಳಿಯುತ್ತಾರೆ. ಮುಂದೆ ಅನಗವಾಡಿಯಲ್ಲಿ ಘಟಪ್ರಭೆಯ ಸೇತುವೆ. ನಾನು ಹುಡುಗನಾಗಿದ್ದಾಗ ಬೇಸಿಗೆಯಲ್ಲಿ ಉಸುಕೇ ಕಾಣುತ್ತಿದ್ದ ಈ ಹೊಳೆಯಲ್ಲಿ ಈಗ ಆಲಮಟ್ಟಿಯ ಹಿನ್ನೀರು ಸಮುದ್ರದ ಹಾಗೆ ಹರಡಿಕೊಂಡಿದೆ. ಬೀಳಗಿ ಸೀಮೆ ಎಂದರೆ ಎರಡು ಹೊಳೆಗಳ ನಡುವಿನ ನೆಲ: ದಕ್ಷಿಣಕ್ಕೆ ಘಟಪ್ರಭೆ, ಉತ್ತರಕ್ಕೆ ಕೃಷ್ಣೆ, ಪೂರ್ವದಲ್ಲಿ ಚಿಕ್ಕಸಂಗಮದಲ್ಲಿ ಎರಡೂ ಕೂಡುತ್ತವೆ. ಬೀಳಗಿ ಕ್ರಾಸಿನಲ್ಲಿ ಇಳಿದು ಟಂಟಂ ಹಿಡಿದರೆ ಊರು. ಇದು ಪ್ರವಾಸಿಗರ ಊರಲ್ಲ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನೋಡಲು ಬಂದವರು ಇತ್ತ ಹೊರಳುವುದಿಲ್ಲ. ಸಿದ್ಧೇಶ್ವರ ಗುಡಿ ಇದೆ, ಹಳೆಯ ಅರೆತ್ತಿನ ಬಾವಿ ಇದೆ, ಎರಡೂ ನೋಡತಕ್ಕವೇ. ಆದರೆ ಈ ಸಲ ನಾನು ಹೆಚ್ಚು ಹೊತ್ತು ಕಳೆದದ್ದು ಅಡಿಗೆಮನೆಯಲ್ಲಿ. ಅದನ್ನೇ ಬರೆಯುತ್ತೇನೆ.

ನಮ್ಮ ಮೂಲ ಊರು ಬೀಳಗಿಯಲ್ಲ, ಇದೇ ತಾಲೂಕಿನ ಕೃಷ್ಣಾ ದಂಡೆಯ ಒಂದು ಹಳ್ಳಿ. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದಾಗ ನಾನಿನ್ನೂ ಹುಟ್ಟಿರಲಿಲ್ಲ. ನೀರು ನಮ್ಮ ಹೊಲದ ಬದುವಿಗೆ ಬಂದು ಮುಟ್ಟುವ ಹೊತ್ತಿಗೆ ನಾನು ನೌಕರಿ ಸೇರಿ ಏಳೆಂಟು ವರ್ಷವಾಗಿತ್ತು. ಅದಕ್ಕೂ ಮೊದಲು, ಮಳೆಗಾಲದ ಹೊಳೆ ಇಳಿದ ಮೇಲೆ ದಂಡೆಯ ಮೇಲೆ ಮೆತ್ತನೆಯ ಮೆಕ್ಕಲು ಮಣ್ಣು ಉಳಿಯುತ್ತಿತ್ತು. ಅದರಲ್ಲಿ ನಮ್ಮವ್ವ, ಕಾಕಿ ಇಬ್ಬರೂ ಬದನೆ ಸಸಿ ನಾಟುತ್ತಿದ್ದರು. ಗೊಬ್ಬರ ಹಾಕಿದ್ದು ನನಗೆ ನೆನಪಿಲ್ಲ. ಹೊಳೆಯೇ ಹಾಕಿ ಹೋಗಿರುತ್ತಿತ್ತು. ದೀಪಾವಳಿಯ ಹೊತ್ತಿಗೆ ಕಾಯಿ ಹಿಡಿದರೆ ಬನದ ಹುಣ್ಣಿಮೆಯವರೆಗೂ ಬಿಡುವಿಲ್ಲ. ಬಿಳಿ ಗೆರೆಯ, ತಿಳಿ ನೇರಳೆ ಬಣ್ಣದ, ಮುಷ್ಟಿಯಲ್ಲಿ ಹಿಡಿಸುವಷ್ಟು ದುಂಡನೆಯ ಕಾಯಿ. ನಮ್ಮ ಕಡೆಯ ಹಿರಿಯ ಹೆಂಗಸರು ಬದನೆಕಾಯಿಗೆ ‘ಮುಳಗಾಯಿ’ ಎನ್ನುವುದುಂಟು. ತೊಟ್ಟಿನ ಮುಳ್ಳು ಚುಚ್ಚಿಸಿಕೊಂಡವರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀರು ಬಂತು, ಊರು ಎದ್ದಿತು. ಕಾಕಾ ಮನೆಯ ತೊಲೆ, ಬಾಗಿಲ ಚೌಕಟ್ಟುಗಳನ್ನು ಟ್ರ್ಯಾಕ್ಟರಿನಲ್ಲಿ ಹೇರಿಸಿದರು. ಕಾಕಿ ಬೀಸುಕಲ್ಲಿನ ಜತೆಗೆ ಬೂದಿಯಲ್ಲಿ ಕಲಸಿದ ಬೀಜದ ಗಂಟುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಕಾಕಾ ತೀರಿಕೊಂಡು ಬಹಳ ವರ್ಷವಾಯಿತು. ಈಗ ಅವಳು ಬೀಳಗಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ವಯಸ್ಸು ಎಪ್ಪತ್ತೆಂಟು. ಹಿತ್ತಿಲು ಎಂದರೆ ಎರಡು ಹಾಸಿಗೆ ಹಾಸುವಷ್ಟು ಜಾಗ.

‘ಬಾ ತಮ್ಮಾ. ಈಗ ಬಂದೇನು? ಕೈಕಾಲ ತೊಳಕೊ, ರೊಟ್ಟಿ ಬಿಸಿ ಅದಾವ’ ಎಂದಳು. ಬಸ್ಸಿನಲ್ಲಿ ಬಂದವನ ಯೋಗಕ್ಷೇಮವನ್ನೆಲ್ಲ ನಮ್ಮ ಕಡೆ ಊಟವಾದ ಮೇಲೆಯೇ ಕೇಳುವುದು.

ಆ ರಾತ್ರಿ ಇದ್ದದ್ದು ಬರಿಯ ಬದನೆಕಾಯಿ ಪಲ್ಯ. ಎಣ್ಣೆಗಾಯಿಯಂತೆ ಹೆಸರು ಮಾಡಿದ ಅಡಿಗೆ ಅಲ್ಲ. ಖಾನಾವಳಿಯವರು ಫಲಕದ ಮೇಲೆ ಬರೆಸುವಂಥದ್ದೂ ಅಲ್ಲ. ನಾಲ್ಕು ಕಾಯಿ ಉದ್ದುದ್ದ ಹೆಚ್ಚಿ ನೀರಿನಲ್ಲಿ ಹಾಕುವುದು. ಎಣ್ಣೆಗೆ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಒಂದು ಉಳ್ಳಾಗಡ್ಡಿ. ಕಾಯಿ ಹಾಕಿ, ಅರಿಸಿನ, ಉಪ್ಪು, ಮಸಾಲೆ ಖಾರ ಹಾಕಿ ಮುಚ್ಚುವುದು. ಮೆತ್ತಗಾದ ಮೇಲೆ ಎರಡು ಚಮಚ ಶೇಂಗಾ ಪುಡಿ. ಒಟ್ಟು ಹದಿನೈದು ನಿಮಿಷ. ಜತೆಗೆ ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಹಸಿ ಉಳ್ಳಾಗಡ್ಡಿ. ವರ್ಷದಲ್ಲಿ ಇನ್ನೂರು ದಿನವಾದರೂ ನಮ್ಮ ಸೀಮೆಯ ಮನೆಗಳು ನಡೆಯುವುದು ಇಂಥ ಪಲ್ಯಗಳ ಮೇಲೆ. ಇವತ್ತು ಶೇಂಗಾ ಪುಡಿ, ನಾಳೆ ಅದೇ ಕಾಯಿಗೆ ಒಂದು ಹಿಡಿ ಮೆಂತ್ಯದ ಸೊಪ್ಪು, ನಾಡಿದ್ದು ತೊಗರಿ ಬೇಳೆ. ಎಳೆಯ ಕಾಯಿ ಸಿಕ್ಕರೆ ಹಸಿಯದನ್ನೇ ರೊಟ್ಟಿಯ ಜತೆ ಕಚ್ಚಿ ತಿನ್ನುವವರೂ ಇದ್ದಾರೆ. ಬೆಂಗಳೂರಿನ ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಇದನ್ನು ನೋಡಿ, ಸೇಬಿನ ಹಣ್ಣಿನ ಹಾಗೆ ಬದನೆಕಾಯಿ ತಿನ್ನುವ ಜನ ಎಂದು ಊರೆಲ್ಲ ಹೇಳಿಕೊಂಡು ಬಂದರು.

ಊಟಕ್ಕೆ ನನ್ನ ಪಕ್ಕದಲ್ಲಿ ಕುಳಿತವನು ಕಾಕಿಯ ಮೊಮ್ಮಗ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ. ಹಾಸ್ಟೆಲು ಬಿಟ್ಟು ಮೂವರು ಗೆಳೆಯರೊಂದಿಗೆ ಒಂದು ರೂಮು ಹಿಡಿದಿದ್ದಾನೆ. ದಿನಾ ಹೊರಗಿನ ಊಟ ಉಂಡು ಹೊಟ್ಟೆ ಕೆಟ್ಟು, ದೀಪಾವಳಿಯ ಮುಂದೆ ಹತ್ತು ದಿನ ಮಲಗಿಬಿಟ್ಟಿದ್ದನಂತೆ. ಪರೀಕ್ಷೆಯೊಂದು ತಪ್ಪಿತು. ತಾಯಿ ಅತ್ತಳು, ತಂದೆ ಬೈದ. ಅಜ್ಜಿ ಮಾತ್ರ, ‘ಅಳೂದು ಬ್ಯಾಡ, ಬೈಯೂದು ಬ್ಯಾಡ. ಅಮಾಸಿಗಿ ಬರಲಿ, ಪಲ್ಯ ಮಾಡಾಕ ಕಲಸ್ತೀನಿ’ ಎಂದಳಂತೆ. ಇಷ್ಟಕ್ಕೂ ಈ ಹುಡುಗ ಊರಲ್ಲಿದ್ದಾಗ ಬದನೆಕಾಯಿ ಕಂಡರೆ ತಾಟು ಸರಿಸುತ್ತಿದ್ದವನು. ಬೆಂಗಳೂರಿನಲ್ಲಿ ಮೂರು ತಿಂಗಳು ಕಳೆದ ಮೇಲೆ, ಫೋನು ಮಾಡಿದಾಗಲೆಲ್ಲ ‘ಇವತ್ತ ಏನ ಪಲ್ಯ?’ ಎಂದು ಕೇಳತೊಡಗಿದ.

ಗಂಡುಹುಡುಗರಿಗೆ ಅಡಿಗೆ ಕಲಿಸದ ಮನೆಗಳಲ್ಲಿ ನಮ್ಮದೂ ಒಂದಾಗಿತ್ತು. ನಲವತ್ತಾರನೆಯ ವಯಸ್ಸಿನವರೆಗೆ ನಾನು ಚಹಾ ಬಿಟ್ಟರೆ ಏನನ್ನೂ ಮಾಡಿದವನಲ್ಲ. ಹೆಂಡತಿಗೆ ಶಸ್ತ್ರಚಿಕಿತ್ಸೆಯಾಗಿ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದಾಗ, ಹತ್ತನೆಯ ತರಗತಿಯಲ್ಲಿದ್ದ ಮಗಳು ಬೆಳಿಗ್ಗೆ ಐದಕ್ಕೆ ಎದ್ದು ನನಗೂ ತನಗೂ ಬುತ್ತಿ ಕಟ್ಟಿ ಶಾಲೆಗೆ ಹೋದಳು. ಅವಳ ಪೂರ್ವಸಿದ್ಧತಾ ಪರೀಕ್ಷೆ ನಡೆದಿತ್ತು. ಉಷ್ಣಪ್ರಸರಣದ ಮೂರು ವಿಧಾನಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲ ಅಪ್ಪನಿಗೆ ಒಲೆಯ ಮೇಲೆ ಒಂದು ಪಲ್ಯ ಇಳಿಸಲು ಬರುತ್ತಿರಲಿಲ್ಲ. ಪಾಲಕರು ಓದುವ ಪುಟವಾದ್ದರಿಂದ ಇದನ್ನು ಮುಚ್ಚಿಡದೆ ಹೇಳಿದ್ದೇನೆ.

ಮರುದಿನ ಮುಂಜಾನೆ ಪಾಠ ಶುರುವಾಯಿತು. ಕಾಕಿ ಈಳಿಗೆ ಮಣೆಯ ಮುಂದೆ ಕುಳಿತಳು, ಹುಡುಗ ಎದುರಿಗೆ ಕುಳಿತ. ನಾನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ಯಾರೂ ಕರೆಯದಿದ್ದರೂ, ಶಾಸ್ತ್ರ ಹೇಳತೊಡಗಿದೆ.

ಬದನೆಕಾಯಿ ಹೆಚ್ಚಿ ಇಟ್ಟರೆ ಕಪ್ಪಾಗುವುದು ಯಾಕೆ? ತಿರುಳಿನಲ್ಲಿ ಕ್ಲೋರೋಜೆನಿಕ್ ಆಮ್ಲ ಎಂಬ ಫಿನಾಲ್ ಜಾತಿಯ ವಸ್ತು ಇದೆ. ಪಾಲಿಫಿನಾಲ್ ಆಕ್ಸಿಡೇಸ್ ಎಂಬ ಕಿಣ್ವವೂ ಇದೆ. ಜೀವಕೋಶ ಇಡಿಯಾಗಿರುವವರೆಗೆ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿ ಇರುತ್ತವೆ. ಈಳಿಗೆ ಕೋಶವನ್ನು ಒಡೆದಾಗ ಎರಡೂ ಸೇರಿ, ಗಾಳಿಯ ಆಮ್ಲಜನಕ ಕೂಡಿ, ಕಂದು ಬಣ್ಣ ಹುಟ್ಟುತ್ತದೆ. ಕಬ್ಬಿಣದ ಅಲಗಾದರೆ ಕಪ್ಪು ಇನ್ನಷ್ಟು ಹೆಚ್ಚು. ಹೆಚ್ಚಿದ್ದನ್ನು ನೀರಿನಲ್ಲಿ ಮುಳುಗಿಸಿದರೆ ಗಾಳಿಯ ಸಂಪರ್ಕ ತಪ್ಪುತ್ತದೆ. ನೀರಿಗೆ ಉಪ್ಪು, ಒಂದಿಷ್ಟು ಹುಣಸೆಹುಳಿ ಬಿದ್ದರೆ ಕಿಣ್ವದ ಶಕ್ತಿ ಕುಗ್ಗುತ್ತದೆ. ಇಷ್ಟನ್ನು ಹೇಳಿ ಮುಗಿಸುವ ಹೊತ್ತಿಗೆ ಕಾಕಿ ಅರ್ಧ ಕಿಲೋ ಕಾಯಿ ಸೀಳಿ ಉಪ್ಪುನೀರಿಗೆ ಹಾಕಿಯಾಗಿತ್ತು. ‘ನೀರಾಗ ಹಾಕಬೇಕ ಅಂತ ನಮ್ಮ ಅತ್ತಿ ಒಂದ ಮಾತಿನಾಗ ಹೇಳಿದ್ಲು’ ಎಂದಳು.

ಎಣ್ಣೆಗಾಯಿಯ ಅಳತೆಯನ್ನು ಹುಡುಗ ಫೋನಿನಲ್ಲಿ ಬರೆದುಕೊಂಡ. ಬೇಕಾದವರು ನೀವೂ ಬರೆದುಕೊಳ್ಳಬಹುದು. ಅರ್ಧ ಕಿಲೋ ಸಣ್ಣ ಬದನೆಕಾಯಿ. ತೊಟ್ಟು ತೆಗೆಯದೆ, ಬುಡದ ಕಡೆಯಿಂದ ನಾಲ್ಕು ಸೀಳು. ಒಂದು ವಾಟಗಾ ಹುರಿದ ಶೇಂಗಾ, ಎರಡು ಚಮಚ ಎಳ್ಳು, ಎರಡು ಚಮಚ ಗುರೆಳ್ಳು (ದಕ್ಷಿಣದವರು ಹುಚ್ಚೆಳ್ಳು ಎನ್ನುತ್ತಾರೆ), ಒಂದು ತುಂಡು ಒಣ ಕೊಬ್ಬರಿ. ಎಲ್ಲವನ್ನೂ ಬೇರೆ ಬೇರೆಯಾಗಿಯೇ ಹುರಿಯಬೇಕು. ಒಟ್ಟಿಗೆ ಹುರಿದರೆ ಶೇಂಗಾ ಹದಕ್ಕೆ ಬರುವಷ್ಟರಲ್ಲಿ ಎಳ್ಳು ಸೀದು ಕಹಿಯಾಗುತ್ತದೆ. ಇವನ್ನು ಬೆಳ್ಳುಳ್ಳಿ, ಜೀರಿಗೆಯೊಡನೆ ತರಿತರಿಯಾಗಿ ಕುಟ್ಟಿ, ಮಸಾಲೆ ಖಾರ, ಉಪ್ಪು, ಅಡಿಕೆಯಷ್ಟು ಬೆಲ್ಲ, ಹುಣಸೆಯ ರಸ, ಕೊತ್ತಂಬರಿ ಸೇರಿಸಿ ಕಲಸಿ ಕಾಯಿಯ ಹೊಟ್ಟೆಗೆ ತುಂಬುವುದು. ಹಿಂದೆ ಇದಕ್ಕೆ ಕುಸುಬಿ ಎಣ್ಣೆ. ಜೋಳದ ಹೊಲದ ಅಂಚಿಗೆ ಮುಳ್ಳಿನ ಬೇಲಿಯಂತೆ ಕುಸುಬಿ ಬಿತ್ತುತ್ತಿದ್ದರು. ದನ ಒಳಗೆ ಬರುತ್ತಿರಲಿಲ್ಲ, ಮನೆಗೆ ಎಣ್ಣೆಯೂ ಆಗುತ್ತಿತ್ತು. ಈಗ ಬೀಳಗಿ, ಮುಧೋಳ, ಜಮಖಂಡಿ ಸೀಮೆಯಲ್ಲಿ ನೀರು ಬಂದ ಕಡೆಯೆಲ್ಲ ಕಬ್ಬು. ಕುಸುಬಿ ಎಣ್ಣೆಯನ್ನು ಹುಡುಕಿ ತರಬೇಕು.

ಬದನೆಕಾಯಿ ಎಣ್ಣೆ ಕುಡಿಯುತ್ತದೆ ಎಂಬ ದೂರು ಎಲ್ಲ ಅಡಿಗೆಮನೆಗಳಲ್ಲೂ ಇದೆ. ಅದರಲ್ಲಿ ತೊಂಬತ್ತು ಪಾಲಿಗೂ ಮಿಕ್ಕಿ ನೀರು, ಉಳಿದ ತಿರುಳು ಸ್ಪಂಜಿನ ಹಾಗೆ. ಕೋಶಗಳ ನಡುವೆ ಗಾಳಿ ತುಂಬಿದ ಸಂದುಗಳಿರುತ್ತವೆ. ಕಾದ ಎಣ್ಣೆಗೆ ನೇರವಾಗಿ ಬಿದ್ದರೆ ಆ ಸಂದುಗಳಿಗೆ ಎಣ್ಣೆ ಹೊಕ್ಕುಬಿಡುತ್ತದೆ. ಆದರೆ ಮೊದಲು ಹಬೆಯಲ್ಲಿ ಬೆಂದರೆ ಕೋಶದ ಗೋಡೆಗಳು ಕುಸಿದು ಸಂದು ಮುಚ್ಚಿಕೊಳ್ಳುತ್ತವೆ. ಕಾಕಿ ನಾಲ್ಕು ಚಮಚ ಎಣ್ಣೆಯಲ್ಲಿ ಒಗ್ಗರಣೆ ಮಾಡಿ, ಕಾಯಿ ಜೋಡಿಸಿ, ಬೋಗೋಣಿಯ ಮೇಲೆ ಒಂದು ತಾಟು ಮುಚ್ಚಿ, ಆ ತಾಟಿನಲ್ಲಿ ಒಂದು ಲೋಟ ನೀರು ಸುರಿದಳು. ಮೇಲೆ ತಣ್ಣೀರು ಇರುವುದರಿಂದ ಒಳಗಿನ ಹಬೆ ತಾಟಿನ ತಳಕ್ಕೆ ತಾಗಿ ಹನಿಯಾಗಿ ಮತ್ತೆ ಕಾಯಿಯ ಮೇಲೆಯೇ ಬೀಳುತ್ತದೆ. ಪ್ರಯೋಗಶಾಲೆಯಲ್ಲಿ ಗಾಜಿನ ಕಂಡೆನ್ಸರಿನಲ್ಲಿ ನಾವು ಮಾಡುವುದೂ ಇದೇ. ಹತ್ತು ನಿಮಿಷಕ್ಕೆ ತಾಟಿನ ನೀರು ಬಿಸಿಯಾಯಿತು. ಅದನ್ನೇ ಬೋಗೋಣಿಗೆ ಸುರಿದು ರಸ ಮಾಡಿದಳು. ‘ಎಣ್ಣಿ ಹೆಚ್ಚ ಹಾಕಿದ್ರ ರುಚಿ ಬರೂದಿಲ್ಲಪಾ, ಉರಿ ಸಣ್ಣ ಇಟ್ರ ರುಚಿ ಬರತೈತಿ’ ಎಂದು ಮೊಮ್ಮಗನಿಗೆ ಹೇಳಿದಳು.

ನಾನು ಸುಮ್ಮನಿರಲಿಲ್ಲ. ಬದನೆ, ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಇವೆಲ್ಲ ಒಂದೇ ಸಸ್ಯ ಕುಟುಂಬದವು. ಆದರೆ ಕಡೆಯ ಮೂರೂ ಅಮೆರಿಕ ಖಂಡದಿಂದ ಬಂದವು, ಕೊಲಂಬಸನು 1492ರಲ್ಲಿ ಅಲ್ಲಿಗೆ ಹೋಗುವವರೆಗೆ ನಮಗೆ ಅವುಗಳ ಹೆಸರೂ ಗೊತ್ತಿರಲಿಲ್ಲ ಎಂದೆ. ‘ಹಂಗಾದ್ರ ದೊಡ್ಡಪ್ಪ, ಮೊದಲ ಎಣಗಾಯಿಗೆ ಖಾರಕ್ಕ ಏನ ಹಾಕತಿದ್ರು?’ ಎಂದು ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಕರಿಮೆಣಸು ಇತ್ತು, ಹಸಿ ಶುಂಠಿ ಇತ್ತು. ಶೇಂಗಾ ಕೂಡ ದಕ್ಷಿಣ ಅಮೆರಿಕದ್ದು. ಆದ್ದರಿಂದ ಇವತ್ತಿನ ಎಣ್ಣೆಗಾಯಿಗೆ ಐನೂರು ವರ್ಷದ ವಯಸ್ಸೂ ಇರಲಾರದು. ಜೋಳ ಬಹಳ ಹಿಂದೆಯೇ ಬಂದದ್ದು, ಆದರೆ ಅದರ ತವರು ಆಫ್ರಿಕ. ಗುರೆಳ್ಳಿನದು ಇಥಿಯೋಪಿಯ. ತಾಟಿನಲ್ಲಿ ಇದ್ದದ್ದರಲ್ಲಿ ಇಲ್ಲಿಯದೇ ಎಂದು ಧೈರ್ಯವಾಗಿ ಹೇಳಬಹುದಾದವು ಎಳ್ಳು ಮತ್ತು ಬದನೆಕಾಯಿ. ಹೆಸರಿನ ಕಥೆಯೂ ಹಾಗೆಯೇ. ನಮ್ಮ ‘ಬದನೆ’ಗೂ ತಮಿಳಿನ ‘ವಳುದುಣೈ’ಗೂ ಬೇರು ಒಂದೇ ಎನ್ನುತ್ತಾರೆ ಭಾಷಾಶಾಸ್ತ್ರಜ್ಞರು. ಸಂಸ್ಕೃತದಲ್ಲಿ ಅದು ‘ವಾತಿಂಗಣ’. ಪಾರಸಿಯಲ್ಲಿ ‘ಬಾದಿಂಗಾನ್’ ಆಗಿ, ಅರಬ್ಬರ ಬಾಯಲ್ಲಿ ‘ಬಾದಿ೦ಜಾನ್’ ಆಗಿ, ಪೋರ್ಚುಗೀಸರಲ್ಲಿ ‘ಬೆರಿಂಜೆಲಾ’ ಆಗಿ, ಕಡೆಗೆ ‘ಬ್ರಿಂಜಾಲ್’ ಎಂದು ಇಂಗ್ಲಿಷಿನ ವೇಷದಲ್ಲಿ ನಮ್ಮ ಶಾಲೆಯ ಪುಸ್ತಕಕ್ಕೇ ತಿರುಗಿ ಬಂತು. ಕಾಕಿ ಇಷ್ಟನ್ನೂ ಕೇಳಿಸಿಕೊಂಡು, ‘ಅಂದ್ರ ಬದನಿಕಾಯಿ ಈ ಮನಿ ಮಗಳು, ಮೆಣಸಿನಕಾಯಿ ಶೇಂಗಾ ಎಲ್ಲಾ ಬಂದ ಸೊಸಿಗೋಳು ಅನ್ನು’ ಎಂದಳು. ಇಷ್ಟು ಚಿಕ್ಕದಾಗಿ ನನಗೆ ಹೇಳಲು ಬರುವುದಿಲ್ಲ.

ಬದನೆಕಾಯಿಯಲ್ಲಿ ಏನೂ ಸತ್ವ ಇಲ್ಲ, ಬರಿಯ ನಂಜು ಎನ್ನುವವರಿದ್ದಾರೆ. ಕೆಲವರಿಗೆ ತಿಂದರೆ ಮೈ ತುರಿಸುವುದು ನಿಜ. ಅಂಥವರು ಬಿಡುವುದೇ ಸರಿ. ನೂರು ಗ್ರಾಂ ಬದನೆಯಲ್ಲಿ ಸುಮಾರು 25 ಕಿಲೋ ಕ್ಯಾಲೊರಿ ಮಾತ್ರ ಎಂಬುದೂ ನಿಜ. ಆದರೆ ಅದನ್ನು ಯಾರೂ ಒಂಟಿಯಾಗಿ ಉಣ್ಣುವುದಿಲ್ಲ. ಶೇಂಗಾದ ತೂಕದಲ್ಲಿ ಕಾಲು ಭಾಗದಷ್ಟು ಪ್ರೋಟೀನು, ಎಳ್ಳಿನಲ್ಲಿ ಸುಣ್ಣದಂಶ, ಜೋಳದಲ್ಲಿ ಹಿಟ್ಟು ಮತ್ತು ನಾರು. ಇವೆಲ್ಲವನ್ನೂ ಬಾಯಿಗೆ ತಲುಪಿಸುವ ಕೆಲಸ ಬದನೆಕಾಯಿಯದು. ಚಾತುರ್ಮಾಸದಲ್ಲಿ ಬದನೆ ವರ್ಜ್ಯ ಎಂಬ ನಿಯಮ ಕೆಲವು ಮನೆಗಳಲ್ಲಿದೆ. ಮಳೆಗಾಲದಲ್ಲಿ ಕಾಯಿಯ ತುಂಬ ಹುಳ ಇರುತ್ತದೆಂದು ಅದಕ್ಕೆ ಕಾರಣ ಕೊಡುವವರುಂಟು. ‘ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ’ ಎಂಬ ಗಾದೆಯನ್ನು ನೋಡಿದರೆ ಆ ನಿಯಮವನ್ನು ಎಷ್ಟು ಜನ ಪಾಲಿಸಿದರೆಂದು ಊಹಿಸಬಹುದು.

ಮಧ್ಯಾಹ್ನ ನಾನು ಹುಡುಗನನ್ನು ಕರೆದುಕೊಂಡು ಕೊಲ್ಹಾರಕ್ಕೆ ಹೋದೆ. ಕೊರ್ತಿಯ ಕಡೆಯಿಂದ ಕೃಷ್ಣೆಯನ್ನು ದಾಟುವ ಸೇತುವೆ ಎಷ್ಟು ಹೊತ್ತಾದರೂ ಮುಗಿಯುವುದಿಲ್ಲ. ಎರಡೂ ಬದಿ ನೀರೇ ನೀರು. ಆಚೆ ದಂಡೆ ವಿಜಯಪುರ ಜಿಲ್ಲೆ. ಕೊಲ್ಹಾರದ ಮೊಸರು ಈ ಹೆದ್ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಸಣ್ಣ ಮಣ್ಣಿನ ಗಡಿಗೆಗಳಲ್ಲಿ ಹೆಪ್ಪು ಹಾಕಿ ಬಸ್ಸಿನ ಕಿಟಕಿಯ ಹತ್ತಿರಕ್ಕೇ ತಂದು ಮಾರುತ್ತಾರೆ. ಗಡಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ನೀರಿನಂಶ ಜಿನುಗಿ ಹೋಗುವುದರಿಂದ ಮೊಸರು ಚಾಕುವಿನಿಂದ ಕೊಯ್ಯುವಷ್ಟು ಗಟ್ಟಿಯಾಗುತ್ತದೆ. ತಿರುಗಿ ಬರುವಾಗ ಸೇತುವೆಯ ನಡುವೆ ಹುಡುಗ, ‘ನಮ್ಮ ಹಳೇ ಊರು ಯಾ ಕಡೆ, ದೊಡ್ಡಪ್ಪ?’ ಎಂದ. ಕೈ ಮಾಡಿ ತೋರಿಸಿದೆ. ತೋರಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಅಣೆಕಟ್ಟಿನ ನೀರನ್ನು 519.60 ಮೀಟರಿನಿಂದ 524.256 ಮೀಟರಿನವರೆಗೆ ನಿಲ್ಲಿಸಲು 2010ರಲ್ಲಿ ನ್ಯಾಯಮಂಡಳಿ ಒಪ್ಪಿಗೆ ಕೊಟ್ಟಿದೆ. ಗೇಟು ಎತ್ತರಿಸಿದ ದಿನ ಈ ತಾಲೂಕಿನ ಇನ್ನಷ್ಟು ಹೊಲ ನೀರಿನಡಿ ಹೋಗುತ್ತವೆ. ಆ ನೀರಿನಿಂದ ಎಷ್ಟೋ ಒಣ ಹೊಲಗಳು ಹಸಿರಾಗಿವೆ ಎಂಬುದನ್ನೂ ನಾನು ಅಲ್ಲಗಳೆಯುವುದಿಲ್ಲ.

ಆ ಮೊಸರು ರಾತ್ರಿಯ ಬಜ್ಜಿಗೆ. ದಪ್ಪ ಬದನೆಕಾಯಿಗೆ ಎಣ್ಣೆ ಸವರಿ, ಅಲ್ಲಲ್ಲಿ ಚುಚ್ಚಿ, ಕೆಂಡದಲ್ಲಿ ಇಡುವುದು. ಚುಚ್ಚದಿದ್ದರೆ ಒಳಗಿನ ಹಬೆಗೆ ದಾರಿಯಿಲ್ಲದೆ ಕಾಯಿ ಸಿಡಿಯುತ್ತದೆ. ಸುಟ್ಟ ಸಿಪ್ಪೆ ಸುಲಿದು, ಸುಟ್ಟ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ಹಿಸುಕಿ, ಹಸಿ ಉಳ್ಳಾಗಡ್ಡಿ, ಮೊಸರು ಕಲಸಿದರೆ ಆಯಿತು. ಬೆಂಗಳೂರಿನ ರೂಮಿನಲ್ಲಿ ಕೆಂಡ ಎಲ್ಲಿ? ಗ್ಯಾಸಿನ ಮೇಲೆ ಜಾಲರಿ ಇಟ್ಟು ಸುಡಬಹುದು. ರುಚಿ ಮುಕ್ಕಾಲು ಬರುತ್ತದೆ. ಹುಡುಗ ಮೂರು ರೊಟ್ಟಿ ಉಂಡ.

ಹಿತ್ತಿಲಿನ ಗಿಡದ ವಿಷಯ ಹೇಳುವುದು ಉಳಿಯಿತು. ಕಾಕಿ ಹಳೆಯ ಊರಿನಿಂದ ತಂದ ಬೀಜವನ್ನು ಎರಡು ಮೂರು ವರ್ಷಕ್ಕೊಮ್ಮೆ ಬಿತ್ತಿ ಮತ್ತೆ ಬೀಜ ಮಾಡಿಕೊಳ್ಳುತ್ತ ಬಂದಿದ್ದಾಳೆ. ಬದನೆ ಬೀಜ ನಾಲ್ಕೈದು ವರ್ಷ ಮೀರಿದರೆ ಮೊಳಕೆ ಬರುವುದು ಕಷ್ಟ, ಆದ್ದರಿಂದ ಬಿತ್ತುವುದನ್ನು ಬಿಡುವ ಹಾಗಿಲ್ಲ. ಹೋದ ವರ್ಷ ಐದು ಗಿಡ ಹಚ್ಚಿದ್ದಳಂತೆ. ನಾಲ್ಕು ಹಸಿರಿದ್ದಂತೆಯೇ ಬಾಡಿ ಸತ್ತವು. ಉಳಿದ ಒಂದರಲ್ಲಿ ಬಂದ ಕಾಯಿಗಳನ್ನೆಲ್ಲ ಅಡಿಗೆಗೆ ಕಿತ್ತು, ಒಂದನ್ನು ಮಾತ್ರ ಬೀಜಕ್ಕೆ ಬಿಟ್ಟು ಕೆಂಪು ದಾರ ಕಟ್ಟಿದ್ದಳು. ನಾನು ಬಂದ ಮರುದಿನವೇ ಅದನ್ನು ನೋಡಿದ್ದೆ. ದಾರ ಯಾಕೆಂಬುದೂ ನನಗೆ ಗೊತ್ತಿತ್ತು, ನಮ್ಮವ್ವನೂ ಹಾಗೆಯೇ ಕಟ್ಟುತ್ತಿದ್ದಳು.

ಇಂಥ ಮನೆಬೀಜಗಳ ಬೆಲೆ ಎಷ್ಟು ಎಂಬ ಪ್ರಶ್ನೆ ಒಮ್ಮೆ ದೇಶದ ಮುಂದೆಯೇ ಬಂದಿತ್ತು. ಕುಡಿ ಮತ್ತು ಕಾಯಿ ಕೊರೆಯುವ ಹುಳಕ್ಕೆ ಬಗ್ಗದ ಬಿಟಿ ಬದನೆಯನ್ನು ರೂಪಿಸಲು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಆರಿಸಿಕೊಂಡ ನಾಟಿ ತಳಿಗಳ ಪಟ್ಟಿಯಲ್ಲಿ ‘ರಬಕವಿ ಲೋಕಲ್’, ‘ಕುಡಚಿ ಲೋಕಲ್’, ‘ಮಾಳಾಪುರ ಲೋಕಲ್’ ಇದ್ದವು, ಉಡುಪಿಯ ಗುಳ್ಳವೂ ಇತ್ತು. ರಬಕವಿ ನಮ್ಮ ನೆರೆಯ ನೇಕಾರರ ಊರು. ಕುಡಚಿ ಇದೇ ಕೃಷ್ಣೆಯ ಮೇಲ್ದಂಡೆಯದು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಬಿಟಿ ಬದನೆಗೆ ಒಪ್ಪಿಗೆ ಕೊಟ್ಟಿತು. ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಊರೂರಿನಲ್ಲಿ ಬಹಿರಂಗ ವಿಚಾರಣೆ ನಡೆಸಿದರು. ಕಡೆಯದು ಬೆಂಗಳೂರಿನಲ್ಲಿ ಆಯಿತು. 2010ರ ಫೆಬ್ರವರಿ 9ರಂದು ಅದನ್ನು ಅವರು ತಡೆಹಿಡಿದರು. ನೆರೆಯ ಬಾಂಗ್ಲಾದೇಶ 2013ರಲ್ಲಿ ಬೆಳೆಯಲು ಅನುಮತಿ ಕೊಟ್ಟಿತು. ಊರಿನ ತಳಿಗಳನ್ನು ಕೇಳದೆ ಬಳಸಿಕೊಂಡರೆಂಬ ದೂರಿನ ಮೇಲೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರ 2011ರಲ್ಲಿ ಕಾನೂನು ಕ್ರಮಕ್ಕೂ ಮುಂದಾಯಿತು. ವಿಜ್ಞಾನದ ಮಾಸ್ತರನಾಗಿ ನಾನು ಹೊಸ ತಳಿಗಳ ವೈರಿಯಲ್ಲ. ಹುಳಕ್ಕಾಗಿ ವಾರಕ್ಕೆರಡು ಸಲ ಔಷಧ ಹೊಡೆದ ಕಾಯಿಯನ್ನು ನಾವು ಉಣ್ಣುತ್ತಿದ್ದೇವೆ ಎಂಬುದನ್ನೂ ಬಲ್ಲೆ. ಆದರೆ ಯಾವ ತಳಿಯನ್ನು ತಿದ್ದಬೇಕಾದರೂ ಮೊದಲು ಅದರ ಬೀಜ ಯಾರದಾದರೂ ಗಂಟಿನಲ್ಲಿ ಉಳಿದಿರಬೇಕಲ್ಲ.

ಮೂರನೆಯ ದಿನ ಅಮಾವಾಸ್ಯೆ, ಚರಗ ಚೆಲ್ಲುವ ಹಬ್ಬ. ಹೊಲಕ್ಕೆ ಬುತ್ತಿ ಒಯ್ದು, ಬನ್ನಿ ಗಿಡದ ಬುಡದಲ್ಲಿ ಪೂಜೆ ಮಾಡಿ, ಬೆಳೆಗೆ ಎಡೆ ಚೆಲ್ಲಿ, ಎಲ್ಲರೂ ಕೂಡಿ ಉಣ್ಣುವುದು. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡಬು, ಪುಂಡಿಪಲ್ಯ, ಶೇಂಗಾ ಹೋಳಿಗೆ, ಜುಣಕ, ಮೊಸರನ್ನ. ನಡುವೆ ಎಣ್ಣೆಗಾಯಿ ಇಲ್ಲದಿದ್ದರೆ ಅದು ಚರಗವೇ ಅಲ್ಲ. ಅಜ್ಜಿ ಏಳುವುದಕ್ಕೆ ಮೊದಲೇ ಎಣ್ಣೆಗಾಯಿ ಮಾಡಿ ಇಟ್ಟು ಆಶ್ಚರ್ಯಪಡಿಸಬೇಕೆಂದು ಹುಡುಗ ನಸುಕಿನಲ್ಲಿ ಎದ್ದಿದ್ದ. ಸಂತೆಯಿಂದ ತಂದ ಕಾಯಿಗಳಲ್ಲಿ ಮೂರು ನಾಲ್ಕು ಹುಳುಕು ಬಂದವು. ಕಡಿಮೆ ಬೀಳುತ್ತದೆಂದು ಬ್ಯಾಟರಿ ಹಿಡಿದುಕೊಂಡು ಹಿತ್ತಿಲಿಗೆ ಹೋದ.

ನಾನು ಎದ್ದು ಬಂದಾಗ ಕಾಕಿ ಅಡಿಗೆಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಹುಡುಗನ ಕೈಯಲ್ಲಿ ಆ ಕಾಯಿ ಇತ್ತು. ‘ದೃಷ್ಟಿ ದಾರ ಅಂತ ತಿಳಕೊಂಡೆ ಆಯಿ’ ಎನ್ನುತ್ತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಕಾಕಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕ್ಲೋರೋಜೆನಿಕ್ ಆಮ್ಲದಿಂದ ಹಿಡಿದು ಕೊಲಂಬಸನವರೆಗೆ ಎರಡು ದಿನ ಅವನಿಗೆ ಎಲ್ಲವನ್ನೂ ಹೇಳಿದ್ದ ನಾನು, ಹಿತ್ತಿಲಿನ ಆ ದಾರ ಏನೆಂದು ಹೇಳಿರಲಿಲ್ಲ.

ಕಾಯಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಇನ್ನೂ ಸೀಳಿರಲಿಲ್ಲ. ಬುಡದ ಕಡೆ ನೇರಳೆ ಹೋಗಿ ತಾಮ್ರದ ಬಣ್ಣ ತಿರುಗುತ್ತಿತ್ತು. ಬದನೆ ಬೀಜ ಬಲಿಯಲು ಹೂ ಬಿಟ್ಟಂದಿನಿಂದ ಸುಮಾರು ಎರಡು ತಿಂಗಳಾದರೂ ಬೇಕು. ಕಾಯಿ ಪೂರ್ತಿ ಹಳದಿಯಾಗಬೇಕು. ಆದರೆ ಬಲಿಯುತ್ತಿರುವ ಕಾಯಿಯನ್ನು ಕಿತ್ತ ಮೇಲೂ ಇಡಿಯಾಗಿ ನೆರಳಿನಲ್ಲಿ ಇಟ್ಟರೆ ಒಳಗಿನ ಬೀಜ ಇನ್ನಷ್ಟು ದಿನ ಬಲಿಯುತ್ತ ಹೋಗುತ್ತದೆ. ಹದಿನೈದು ದಿನ ಇಡೋಣ ಎಂದು ನಾನು ಬಾಯಿ ತೆರೆಯುವುದರೊಳಗೆ ಕಾಕಿ ಎದ್ದು, ಅದೇ ಕೆಂಪು ದಾರವನ್ನು ತೊಟ್ಟಿಗೆ ಬಿಗಿದು, ಒಲೆಯ ಹೊಗೆ ಬಾರದ ಕಡೆ ಜಂತಿಯ ಮೊಳೆಗೆ ಕಾಯಿಯನ್ನು ತೂಗುಹಾಕಿದಳು. ‘ಇಪ್ಪತ್ತ ದಿನ ಬಿಡಬೇಕು’ ಎಂದಳು. ಆಮೇಲೆ ಹುಡುಗನ ಕಡೆ ತಿರುಗಿ, ‘ಸೀಳಿದ ಕಾಯಿ ನೀರಾಗ ಹಾಕೀಯೋ ಇಲ್ಲೋ?’ ಎಂದು ಕೇಳಿದಳು.

ಆ ದಿನ ಹೊಲದಲ್ಲಿ ಅವನ ಎಣ್ಣೆಗಾಯಿಯನ್ನು ಎಲ್ಲರೂ ಉಂಡರು. ಉಪ್ಪು ಒಂದಿಷ್ಟು ಹೆಚ್ಚಾಗಿತ್ತು. ಯಾರೂ ಹೇಳಲಿಲ್ಲ.

ಇಪ್ಪತ್ತೆರಡನೆಯ ದಿನ ಹುಡುಗ ಬೆಂಗಳೂರಿನಿಂದ ಫೋನು ಮಾಡಿದ. ಅಜ್ಜಿ ಕಾಯಿ ಒಡೆದು, ಬೀಜ ತೊಳೆದು, ಬೋಗೋಣಿಯ ನೀರಿಗೆ ಹಾಕಿದ್ದಳಂತೆ. ಟೊಳ್ಳು ಬೀಜ ತೇಲುತ್ತದೆ, ಗಟ್ಟಿ ಬೀಜ ತಳಕ್ಕೆ ಹೋಗುತ್ತದೆ. ಅರ್ಧಕ್ಕೂ ಹೆಚ್ಚು ಮುಳುಗಿದವಂತೆ. ಒಣಗಿಸಿ ಬೂದಿ ಕಲಸಿ, ಒಂದು ಪೊಟ್ಟಣ ತಾನಿಟ್ಟುಕೊಂಡು, ಇನ್ನೊಂದನ್ನು ಊರಿಗೆ ಬಂದಿದ್ದ ಯಾರದೋ ಕೈಯಲ್ಲಿ ಮೊಮ್ಮಗನಿಗೆ ಕಳಿಸಿದ್ದಾಳೆ.

‘ದೊಡ್ಡಪ್ಪ, ಗಚ್ಚಿನ ಮ್ಯಾಲ ಬಣ್ಣದ ಡಬ್ಬಿಯಾಗ ಹಚ್ಚಿದ್ರ ಬರತೈತೇನು?’ ಎಂದು ಕೇಳಿದ. ಬರುತ್ತದೆ, ದಿನಕ್ಕೆ ಆರು ತಾಸಾದರೂ ಬಿಸಿಲು ಬೀಳಬೇಕು, ಡಬ್ಬಿಯ ತಳಕ್ಕೆ ತೂತು ಹಾಕುವುದನ್ನು ಮರೆಯಬೇಡ ಎಂದೆ.

‘ತೂತಿನ ಸುದ್ದಿ ಆಯಿ ಹೇಳ್ಯಾಳ’ ಎಂದ.